ಇನ್ನೊಂದು ಎಲೆ

ಐನ್ ಖಾಲಿದ್, ದೋಹಾ
22 ಆಗಸ್ಟ್ 2007, ಬುಧವಾರ

ಮೊದಲು, ಈ ಕಾಗದ ಬಿಚ್ಚಿ ಓದುತ್ತಿರುವ ನಿನಗೆ ಎರಡು ಮಾತು. ಒಳಗಿರುವವರಿಗೆ ಬಂದ ಕಾಗದವನ್ನು ಮೊದಲು ಬೇರೆ ಯಾರೋ ಓದಿ ನೋಡುತ್ತಾರೆ ಎಂದು ಪಕ್ಕದ ಮನೆಯ ಫಿಡೆಲಿಸ್ ಹೇಳಿದ. ಇದು ಕನ್ನಡದಲ್ಲಿದೆ, ಹಾಗಾಗಿ ನೀನು ಅರಬಿಯಲ್ಲ, ನಮ್ಮ ಕಡೆಯವನೇ. ನಾಚಿಕೆ ಆಗುವುದಿಲ್ಲವೇ ನಿನಗೆ? ಒಬ್ಬ ತಾಯಿ ಜೈಲಿನಲ್ಲಿರುವ ಮಗನಿಗೆ ಬರೆದದ್ದನ್ನು ಚಾ ಕುಡಿಯುತ್ತ ಓದುತ್ತೀಯಲ್ಲ, ನಿನ್ನ ತಾಯಿ ಬರೆದದ್ದನ್ನು ಇನ್ನೊಬ್ಬ ಹೀಗೆ ಓದಿದರೆ ನಿನಗೆ ಹೇಗಾದೀತು? ಆಯಿತು, ಓದು. ಹೊಟ್ಟೆಪಾಡು. ನನ್ನ ಅಕ್ಷರ ಕೋಳಿ ಕೆರೆದ ಹಾಗಿದೆ ಎಂದು ನಗಬೇಡ, ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕುಳಿತವಳು. ಓದಿ ಮುಗಿಸಿದ ಮೇಲೆ ಮೇಜಿನ ಖಾನೆಗೆ ತುರುಕಿ ಮರೆಯಬೇಡ. ಹಿಂದಿನ ಮೂರು ಕಾಗದ ಏನಾದವು ಎಂದು ನಿನಗೋ ನನ್ನ ಮಗನಿಗೋ ಗೊತ್ತು. ಇದು ಮಾತ್ರ ಅವನ ಕೈಗೆ ಹೋಗಬೇಕು, ಕೊನೆಯ ಹಾಳೆಯ ಸಮೇತ ಹೋಗಬೇಕು. ಇನ್ನು ನೀನು ಸುಮ್ಮನಿರು.

ಪ್ರೀತಿಯ ತಾರಾನಾಥಾ, ನಿನಗೆ ಅಮ್ಮನ ಆಶೀರ್ವಾದ. ಹೇಗಿದ್ದೀಯ? ಹೊಟ್ಟೆಯ ಉರಿ ಕಡಿಮೆಯಾಯಿತೇ? ಅಲ್ಲಿಯ ಸಾರಿಗೆ ಖಾರವೇ ಇರುವುದಿಲ್ಲವೆಂದು ಫಿಡೆಲಿಸ್ ಅಂದ. ಅದೊಂದು ಒಳ್ಳೆಯದಾಯಿತು. ಹುಟ್ಟಿದಂದಿನಿಂದ ನಿನಗೆ ಖಾರ ಆಗುವುದಿಲ್ಲ, ತಿನ್ನುವ ಹಟ ಮಾತ್ರ ಬಿಟ್ಟವನಲ್ಲ. ಎಡಭುಜ ಈಗ ತಲೆಯವರೆಗೆ ಏಳುತ್ತದೆಯೇ? ಎಣ್ಣೆ ತಿಕ್ಕಲು ಅಲ್ಲಿ ಯಾರಿದ್ದಾರೆ, ಗೋಡೆಗೆ ಒರಗಿಸಿ ಮೆಲ್ಲ ತಿರುಗಿಸುತ್ತಿರು. ಇಲ್ಲಿ ನಾವು ಮೂವರೂ ಕ್ಷೇಮ. ನನ್ನ ಮೊಣಕಾಲು ನನ್ನ ಮಾತು ಕೇಳುವುದಿಲ್ಲ, ನಿನ್ನ ಹಾಗೆಯೇ. ನಿನ್ನ ಹೆಂಡತಿ ಭಾನುಮತಿ ವೆಸ್ಟ್ ಬೇಯಲ್ಲಿ ತನ್ನ ವಿಮಾನ ಕಂಪನಿಯ ಟಿಕೆಟ್ ಆಫೀಸಿಗೆ ಹೋಗಿದ್ದಾಳೆ. ಅವಳು ಸಪೂರವಾಗಿದ್ದಾಳೆ, ಆದರೆ ಸೀರೆಯ ದಿನ ಬಿಟ್ಟರೆ ಗೊತ್ತಾಗುವುದಿಲ್ಲ. ನಿಶ್ಮಿ ಪಕ್ಕದಲ್ಲಿ ಫಿಡೆಲಿಸನ ಹೆಂಡತಿ ಲೊರ್ನಾಳ ಮನೆಯಲ್ಲಿ ಟಿವಿ ನೋಡುತ್ತಿದ್ದಾಳೆ. ಎಂಟು ತುಂಬಿತು ಮಗಳಿಗೆ. ಮುಂದಿನ ಎರಡು ಹಲ್ಲು ದೊಡ್ಡದಾಗಿ ಬಂದಿವೆ, ನಿನ್ನವೇ. ಫಿಡೆಲಿಸ್ ಚರ್ಚಿನವರೊಂದಿಗೆ ತಿಂಗಳಿಗೊಮ್ಮೆ ನಿಮ್ಮನ್ನೆಲ್ಲ ನೋಡಲು ಬರುತ್ತಾನಲ್ಲ, ಈ ಶುಕ್ರವಾರ ಬರುವವನಿದ್ದಾನೆ, ಅವನ ಕೈಯಲ್ಲಿ ಇದನ್ನು ಕೊಡುತ್ತೇನೆ. ನಾನೇ ಬರುವುದಿಲ್ಲ. ಎರಡು ಸಲ ಬಂದೆ, ಮೀನು ಹುರಿದುಕೊಂಡು ಬಂದೆ. ಎರಡು ಸಲವೂ ನೀನು ಎದುರಿಗೆ ಬರುವುದಿಲ್ಲವೆಂದು ಹೇಳಿ ಕಳಿಸಿದೆ. ಮೀನನ್ನು ಗೇಟಿನವನು ತಿಂದನೋ ಬೆಕ್ಕು ತಿಂದಿತೋ. ಮೂರನೇ ಸಲ ಬರಲು ನನಗೆ ಮೊಣಕಾಲೂ ಇಲ್ಲ, ಮುಖವೂ ಇಲ್ಲ.

ಈಗ ಸುದ್ದಿ. ನಾವು ಮೂವರು ಜಪಾನಿಗೆ ಹೋಗಿ ಬಂದೆವು. ಒಸಾಕಾ. ಹೌದು, ನೀನು ಮೂರು ವರ್ಷದ ಹಿಂದೆ ಗ್ಯಾಸ್ ಕಂಪನಿಯ ಟ್ರೈನಿಂಗಿಗೆ ಹದಿನೈದು ದಿನ ಹೋಗಿದ್ದ ಅದೇ ಊರು. ಹೋಗಿ ಬಂದು ಐದು ದಿನವಾಯಿತು. ನನ್ನ ಕಾಲಿನ ಬಾವು ಇನ್ನೂ ಇಳಿದಿಲ್ಲ.

ಹುಚ್ಚು ಹಿಡಿಯಿತೇ ಇವರಿಗೆ ಎನ್ನಬೇಡ. ಒಸಾಕಾ ನನ್ನ ಬಾಯಿಯಿಂದಲೇ ಹೊರಟದ್ದು, ಅದನ್ನು ಇನ್ನೊಬ್ಬರ ತಲೆಗೆ ಕಟ್ಟುವುದಿಲ್ಲ. ನೀನು ಯಾರದೋ ಪಾರ್ಟಿಯಲ್ಲಿ ಕುಡಿದು ಗಾಡಿ ಓಡಿಸಿ, ರಸ್ತೆ ಬದಿಯಲ್ಲಿ ಕಲ್ಲು ಜೋಡಿಸುತ್ತಿದ್ದ ಒಬ್ಬ ನೇಪಾಳಿಯ ಮೇಲೆ ಹತ್ತಿಸಿ ಹದಿನಾಲ್ಕು ತಿಂಗಳಾಯಿತು. ಅವನು ಅಲ್ಲೇ ಸತ್ತ. ನಿನ್ನನ್ನು ಆಸ್ಪತ್ರೆಯ ಮಂಚದಿಂದಲೇ ಕರೆದೊಯ್ದರು. ಮೂರು ವರ್ಷ ಎಂದಿತು ಕೋರ್ಟು. ಇದನ್ನೆಲ್ಲ ನಿನಗೇ ಯಾಕೆ ಬರೆಯುತ್ತೇನೆ ಎಂದರೆ, ನಮ್ಮ ಮನೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲಾದರೂ ಒಂದು ಕಡೆ ಇದ್ದದ್ದು ಇದ್ದ ಹಾಗೆ ಇರಲಿ. ಕೋರ್ಟಿನ ಮೆಟ್ಟಿಲಲ್ಲಿ ಪೊಲೀಸಿನವನು ಎಳೆಯುತ್ತಿದ್ದಾಗ ನೀನು ನನ್ನ ಕೈಹಿಡಿದು ಹೇಳಿದ್ದು ನನಗೆ ಒಂದಕ್ಷರ ಮರೆತಿಲ್ಲ. 'ನಿಶ್ಮಿಗೆ ಗೊತ್ತಾಗ್ಬಾರ್ದು ಅಮ್ಮ. ಅವಳನ್ನು ಇಲ್ಲಿಗೆ ಕರ್ಕೊಂಡು ಬರ್ಲೇಬಾರ್ದು. ಅವಳಿಗೆ ಗೊತ್ತಾದ ದಿನ ನಾನು ಸತ್ತೆ ಅಂತ ತಿಳ್ಕೊಳ್ಳಿ.' ನನ್ನಿಂದ ಆಣೆ ಹಾಕಿಸಿಕೊಂಡೆ ನೀನು. ನಾನು ಮನೆಗೆ ಬಂದು ಮಗುವಿಗೆ ಅನ್ನ ಕಲಸುತ್ತಿದ್ದೆ. 'ಪಪ್ಪ ಎಲ್ಲಿ ಅಜ್ಜಿ?' ಎಂದಳು. ಶೋಕೇಸಿನಲ್ಲಿ ನೀನು ಒಸಾಕಾದಿಂದ ತಂದ ಕೈಕಾಲಿಲ್ಲದ ಮರದ ಗೊಂಬೆ ಇತ್ತು. ನನ್ನ ಕಣ್ಣು ಅದರ ಮೇಲೆ ಬಿತ್ತು. 'ಜಪಾನಿಗೆ ಹೋಗಿದ್ದಾರೆ, ಕಂಪನಿ ಕೆಲಸ' ಎಂದೆ. ಅಷ್ಟೇ. ಸುಳ್ಳಿಗೆ ಅದಕ್ಕಿಂತ ಹೆಚ್ಚಿನ ಹೊತ್ತು ಬೇಕಾಗುವುದಿಲ್ಲ.

ಆಮೇಲೆ ಸಾಕುವುದೇ ಕಷ್ಟ. ಅವಳ ಹುಟ್ಟುಹಬ್ಬಕ್ಕೆ ಭಾನು ಮಾಲಿನಿಂದ ಜಪಾನಿ ಪೆನ್ಸಿಲ್ ಡಬ್ಬಿ ತಂದು ಪಪ್ಪ ಕಳಿಸಿದ್ದು ಎಂದಳು. ಫೋನ್ ಯಾಕೆ ಮಾಡುವುದಿಲ್ಲ ಎಂದು ಕೇಳಿದರೆ, ಇಲ್ಲಿ ಹಗಲಾದರೆ ಅಲ್ಲಿ ರಾತ್ರಿ ಎಂದು ನಾನು ಹೇಳಿದೆ. ಸ್ವಲ್ಪ ದಿನ ಕೇಳಿದಳು, ಮತ್ತೆ ಕೇಳುವುದು ಬಿಟ್ಟಳು. ಮಕ್ಕಳು ಮರೆಯುತ್ತಾರೆ ಎಂದು ನಾನು ನೆಮ್ಮದಿಯಲ್ಲಿದ್ದೆ. ಈ ರಜೆಯಲ್ಲಿ ಲೊರ್ನಾಳ ಮಗ ಫ್ಲಾಯ್ಡ್, ಹತ್ತು ವರ್ಷದ ಪೋಕರಿ, ಎಲ್ಲರ ಎದುರು ಕೇಳಿದನಂತೆ, 'ನಿನ್ನ ಮಮ್ಮಿಗೆ ಟಿಕೆಟ್ ಫ್ರೀ ಅಲ್ವಾ, ನಿನ್ನ ಪಪ್ಪ ಜಪಾನಲ್ಲಿದ್ರೆ ನೀವ್ಯಾಕೆ ಹೋಗುದಿಲ್ಲ?' ಮಕ್ಕಳ ಬಾಯಿಂದ ವಕೀಲರ ಪ್ರಶ್ನೆ. ಮೂರನೆಯ ದಿನ ಭಾನು ಪಾತ್ರೆ ತೊಳೆಯುತ್ತ ಹೇಳಿದಳು, 'ಅತ್ತೇ, ಗಂಟು ಹಾಕಿದ ಜಾಗದಲ್ಲೇ ಬಿಚ್ಚುವ. ಅವಳನ್ನು ಅಲ್ಲಿಗೇ ಕರ್ಕೊಂಡು ಹೋಗಿ, ಪಪ್ಪ ಇಲ್ಲಿಲ್ಲ ಅಂತ ತೋರ್ಸಿ, ಮತ್ತೆ ಇದ್ದದ್ದು ಇದ್ದ ಹಾಗೆ ಹೇಳುವ. ಅಲ್ಲಿ ನಮ್ಮನ್ನು ಬಲ್ಲವರು ಯಾರೂ ಇಲ್ಲ. ಅವಳು ಎಷ್ಟು ಅತ್ತರೂ ಲೊರ್ನಾ ಬಾಗಿಲು ತಟ್ಟುದಿಲ್ಲ.' ನಿನ್ನ ಆಣೆಯನ್ನು ನೆನಪಿಸಿದೆ. 'ಅವರ ಆಣೆ ಅವರ ಹತ್ರವೇ ಇರ್ಲಿ' ಎಂದಳು. ಬೇಡ ಎಂದು ಕೂಗಾಡಿದೆ. ನೀನು ಇಲ್ಲಿಂದ ಕಾರಿನಲ್ಲಿ ಇಪ್ಪತ್ತು ನಿಮಿಷದ ದೂರದಲ್ಲಿರುವಾಗ, ನೀನು ಇಲ್ಲ ಎಂದು ತೋರಿಸಲು ಸಮುದ್ರ ದಾಟಿ ಹೋಗುವವರು ನಾವಲ್ಲದೆ ಇನ್ನಾರು? ಆದರೂ ಹೋದೆ. ಮಗುವಿಗೆ ಹೇಳುವ ಹೊತ್ತಿನಲ್ಲಿ ಪಕ್ಕದಲ್ಲಿ ಇರಬೇಕಲ್ಲ.

ಹೊರಡುವ ಮೊದಲು ಒಂದು ಕೆಲಸ ಮುಗಿಸಿದೆ. ಆಟಿ ತಿಂಗಳು ನಡೆಯುತ್ತಿತ್ತು. ನಿನ್ನ ಅಪ್ಪನಿಗೆ ಎಡೆ ಇಡದೆ ಆಟಿ ಕಳೆಯುವುದು ನನ್ನಿಂದ ಆಗುವುದಿಲ್ಲ, ಮರಳುಗಾಡಾದರೇನು, ಸತ್ತವರಿಗೆ ಹಸಿವಿಲ್ಲವೇ. ನಜ್ಮಾದ ಮಲಯಾಳಿ ಅಂಗಡಿಯಿಂದ ಬಾಳೆಲೆ ತರಿಸಿ, ಕೋಳಿ ಸಾರು, ದೋಸೆ, ಅವರ ಎರಡು ಬೀಡಿ, ಎಲ್ಲ ಬಡಿಸಿ, ಅವರು ಯಾರ ಕಣ್ಣೂ ಬೀಳದೆ ಉಣ್ಣಲಿ ಎಂದು ಬಾಗಿಲು ಹಾಕಿ ನಾವು ಮೂವರೂ ಹೊರಗೆ ನಿಂತೆವು. ಬಿಸಿಲಿಗೆ ಗೋಡೆ ಮುಟ್ಟಿದರೆ ಸುಡುತ್ತಿತ್ತು. ಲೊರ್ನಾ ಹಾದು ಹೋಗುತ್ತ, 'ಎಂತ ಪೂವಕ್ಕ, ಕೀ ಒಳಗೆ ಬಾಕಿಯಾಯ್ತಾ?' ಎಂದಳು. 'ಇಲ್ಲ, ಒಳಗೆ ನನ್ನ ಗಂಡ ಊಟ ಮಾಡ್ತಿದ್ದಾರೆ' ಎಂದೆ. ಅವಳು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಹೋದಳು. ನಿಶ್ಮಿ ನನ್ನ ಸೆರಗು ಜಗ್ಗಿ, 'ಅಜ್ಜಿ, ಇನ್ನೊಂದು ಎಲೆ ಇಡ್ಲಿಕ್ಕಿಲ್ವಾ?' ಎಂದಳು. 'ಸತ್ತವರು ಒಬ್ಬರು, ಎಲೆ ಒಂದು. ನಿನಗೆ ಹಸಿವಾದರೆ ಅಡುಗೆಮನೆಯಲ್ಲಿ ಉಂಟು' ಎಂದು ಗದರಿದೆ. ಅವಳು ಸೆರಗು ಬಿಟ್ಟಳು. ಅವತ್ತು ಕೋಳಿ ಸಾರು ಮುಟ್ಟಲಿಲ್ಲ. ನಾನು ಸೆಕೆಗೆ ಎಂದುಕೊಂಡೆ.

ಒಸಾಕಾದ ಬಗ್ಗೆ ಏನು ಬರೆಯಲಿ, ನೀನು ನೋಡಿದ ಊರು. ನೀನು ಹೋದದ್ದು ಚಳಿಗಾಲ. ಬೇಸಗೆಯಲ್ಲಿ ನೋಡಬೇಕು ಅದರ ಚಂದ. ದೋಹಾದ ಬಿಸಿಲು ಒಲೆಯ ಎದುರು ಕುಳಿತ ಹಾಗಾದರೆ ಅಲ್ಲಿಯದು ಇಡ್ಲಿ ಬೇಯುವ ಪಾತ್ರೆಯೊಳಗೆ ಕುಳಿತ ಹಾಗೆ. ವಿಮಾನದಿಂದ ಇಳಿದವಳಿಗೆ ಮೇ ತಿಂಗಳಲ್ಲಿ ಮಂಗಳೂರಿನ ಬಸ್ ಸ್ಟ್ಯಾಂಡಿಗೆ ಬಂದೆನೇ ಎಂದಾಯಿತು. ಗಂಡಸರು ಹೆಂಗಸರು ಎಲ್ಲರೂ ಬೆವರೊರೆಸಲು ಕುತ್ತಿಗೆಗೆ ಬೈರಾಸು ಸುತ್ತಿಕೊಂಡು ನಡೆಯುತ್ತಾರೆ. ಮರಕ್ಕೊಂದು ಜೀರುಂಡೆ ಅಲ್ಲ, ಎಲೆಗೊಂದು. ನಾನು ಮಾತಾಡಿದ್ದು ಭಾನುವಿಗೆ ಕೇಳುತ್ತಿರಲಿಲ್ಲ, ಅವಳಿಗೆ ಅದೊಂದು ಸುಖವಾಯಿತು. ಹೋಟೆಲಿನ ಕೋಣೆ ನಮ್ಮ ಬಚ್ಚಲಿನಷ್ಟು, ಬಚ್ಚಲು ಕಪಾಟಿನಷ್ಟು. ಆದರೆ ಕಕ್ಕಸಿನಲ್ಲಿ ನೀರು ತಾನಾಗಿ ಬಂದು ತೊಳೆಯುತ್ತದೆ. ಇಷ್ಟು ದೇಶಗಳಲ್ಲಿ ಬುದ್ಧಿ ಇರುವ ಜನ ಇವರೇ ಎಂದು ತೀರ್ಮಾನಿಸಿದೆ. ರಸ್ತೆ ಬದಿಯಲ್ಲಿ ಅಪ್ಪದ ಕಾವಲಿಯಂಥದ್ದೇ ಕಾವಲಿಯಲ್ಲಿ ಹಿಟ್ಟು ಹೊಯ್ದು ಉಂಡೆ ತಿರುಗಿಸುತ್ತಿದ್ದರು. ಆಸೆಯಿಂದ ಒಂದು ಕಚ್ಚಿದರೆ ಒಳಗೆ ಬೊಂಡಾಸು ಮೀನಿನ ದೊಡ್ಡಪ್ಪನ ಕಾಲು, ಎಂಟು ಕಾಲಿನವನು. ಉಗುಳಲಿಲ್ಲ. ಮೀನು ತಿನ್ನುವ ಜನ, ಸಮುದ್ರದ್ದನ್ನು ಉಗುಳಬಾರದು. ನಿಶ್ಮಿ ಆರು ತಿಂದಳು.

ಊರು ಚಂದವಿತ್ತು, ಆದರೆ ನನಗೆ ಏನೂ ಆಗಲಿಲ್ಲ. ಈಗೀಗ ನನಗೆ ಹಾಗೆಯೇ. ಬೀಡಿ ಕಟ್ಟಿ ಕಟ್ಟಿ ಬೆರಳ ತುದಿ ದಪ್ಪವಾಗಿ ಬಿಸಿ ಪಾತ್ರೆ ಹಿಡಿದರೂ ಗೊತ್ತಾಗುತ್ತಿರಲಿಲ್ಲವಲ್ಲ, ಒಳಗೂ ಹಾಗೆ ಆಗಿಬಿಟ್ಟಿದೆ. ನಿನ್ನ ಸುದ್ದಿ ಬಂದ ದಿನ ಅತ್ತದ್ದೇ ಕೊನೆ. ದೊಡ್ಡ ದೊಡ್ಡ ಕಟ್ಟಡ ನೋಡಿದೆ, ಸರಿ. ರೈಲಿನಲ್ಲಿ ಕೂತೆ, ಸರಿ. ಯಾರೋ ಹುಡುಗಿ ಎದ್ದು ಜಾಗ ಕೊಟ್ಟು ತಲೆ ಬಾಗಿಸಿದಳು, ಸರಿ. ಇವತ್ತು ಹೇಳುತ್ತಾಳೆ, ನಾಳೆ ಹೇಳುತ್ತಾಳೆ ಎಂದು ಭಾನುವಿನ ಬಾಯಿಯನ್ನೇ ನೋಡುತ್ತ ಆರು ದಿನ ಕಳೆದೆ.

ನಾನು ಹೆದರಿದ್ದು ಬೇರೆಯದಕ್ಕೆ. ಇಳಿದ ಕೂಡಲೇ ಮಗು ಪಪ್ಪ ಎಲ್ಲಿ ಎಂದು ಕೇಳುತ್ತಾಳೆ, ಸಿಕ್ಕಿದ ಗಂಡಸಿನ ಮುಖವನ್ನೆಲ್ಲ ನೋಡುತ್ತಾಳೆ ಎಂದು. ವಿಮಾನದಲ್ಲಿ ಹತ್ತು ಉತ್ತರ ಕಟ್ಟಿಟ್ಟುಕೊಂಡಿದ್ದೆ. ಒಂದೂ ಬೇಕಾಗಲಿಲ್ಲ. ಏರ್‌ಪೋರ್ಟಿನಲ್ಲಿ ಕೇಳಲಿಲ್ಲ, ಹೋಟೆಲಿನಲ್ಲಿ ಕೇಳಲಿಲ್ಲ. ಒಂದು ಸಲವೂ ಯಾರ ಮುಖವನ್ನೂ ಹುಡುಕಲಿಲ್ಲ. ನಮ್ಮ ಕೈಹಿಡಿದು ಹೇಳಿದ ಕಡೆಗೆ ಬಂದಳು. ಹೊಸ ಊರಿನ ಬೆರಗಿನಲ್ಲಿ ಮರೆತಳು ಎಂದು ನಾನು ದೇವರಿಗೆ ಕೈಮುಗಿದೆ.

ಎರಡನೇ ದಿನ ದೊಡ್ಡ ಮೀನಿನ ಮನೆಗೆ ಹೋದೆವು. ಮೂರು ಮಾಳಿಗೆ ಎತ್ತರದ ಗಾಜಿನ ತೊಟ್ಟಿಯಲ್ಲಿ ಬಸ್ಸಿನಷ್ಟು ಉದ್ದದ ತಿಮಿಂಗಿಲದಂಥ ಮೀನು, ಮೈಮೇಲೆ ರಂಗೋಲಿ ಚುಕ್ಕಿ. ಅದು ಸುತ್ತುತ್ತಲೇ ಇತ್ತು. ಹೊತ್ತು ಹೊತ್ತಿಗೆ ಅನ್ನ ಹಾಕುತ್ತಾರಂತೆ, ಕಾಯಿಲೆಯಾದರೆ ಡಾಕ್ಟರಂತೆ. ನಿನ್ನ ನೆನಪಾಯಿತು ಎಂದು ಬರೆಯಲು ನನಗೇನೂ ಸಂಕೋಚವಿಲ್ಲ. ಅಲ್ಲಿಯ ಬೆಂಚಿನ ಮೇಲೆ ಐಸ್ ಕ್ರೀಮ್ ತಿನ್ನುತ್ತ ಭಾನು ಮಗುವನ್ನು ಹತ್ತಿರ ಕೂರಿಸಿಕೊಂಡು, 'ನಿಶ್ಮೀ, ಪಪ್ಪನ ಬಗ್ಗೆ ಒಂದು ವಿಷಯ ಹೇಳ್ಲಿಕ್ಕುಂಟು' ಎಂದಳು. ಮಗು, 'ಅಮ್ಮ, ಐಸ್ ಕರಗ್ತಾ ಉಂಟು, ಬೇಗ ತಿನ್ನಿ' ಎಂದು ಎದ್ದು ಗಾಜಿನ ಹತ್ತಿರ ಓಡಿದಳು. ನಾಲ್ಕನೇ ದಿನ ಕೋಟೆಯ ಎದುರು ಭಾನು ಮತ್ತೆ ಬಾಯಿ ತೆರೆದಳು. ಮಗುವಿಗೆ ಅರ್ಜೆಂಟಾಗಿ ಬಚ್ಚಲಿಗೆ ಹೋಗಬೇಕಾಯಿತು. ಭಾನು ನನ್ನನ್ನು ನೋಡಿದಳು. ನಾನು ಜೀರುಂಡೆಯ ಕಡೆ ನೋಡಿದೆ. ಸತ್ಯ ಹೇಳಲು ಹೋದವರಿಗೆ ಸುಳ್ಳಿನಷ್ಟು ಸುಲಭದಲ್ಲಿ ಹೊತ್ತು ಸಿಗುವುದಿಲ್ಲ.

ನೀನು ಫೋಟೋ ತೆಗೆಸಿಕೊಂಡ ಸೇತುವೆಗೂ ಹೋದೆವು. ನಮ್ಮ ಫ್ರಿಜ್ಜಿನ ಮೇಲೆ ಇತ್ತಲ್ಲ ಆ ಫೋಟೋ, ಹಿಂದೆ ದೊಡ್ಡ ದೀಪದ ಬೋರ್ಡು, ನೀನು ಕೋಟು ಹಾಕಿ ಮಂತ್ರಿಯ ಹಾಗೆ ನಿಂತದ್ದು. ಜಾಗ ಹುಡುಕಿದ್ದು ನಿಶ್ಮಿಯೇ. ಅವಳಿಗೆ ಆ ಕಂಬದ ಗುರುತಿತ್ತು. ಭಾನು ಕ್ಯಾಮೆರಾ ಹಿಡಿದಳು. ಮಗು ಕಂಬದ ಎಡಕ್ಕೆ, ಸ್ವಲ್ಪ ಪಕ್ಕಕ್ಕೆ ಸರಿದು ನಿಂತಳು. 'ನಡುವಿಗೆ ನಿಲ್ಲು ಮಾರಾಯ್ತಿ, ಅರ್ಧ ಫೋಟೋ ಖಾಲಿ ಬರ್ತದೆ' ಎಂದು ಬೈದೆ. ಅಲುಗಲಿಲ್ಲ. ಆ ಫೋಟೋ ಇದರ ಜೊತೆ ಇಟ್ಟಿದ್ದೇನೆ. ನೋಡು, ಬಲಕ್ಕೆ ಒಬ್ಬ ಮನುಷ್ಯನಷ್ಟು ಜಾಗ ಹಾಗೇ ಇದೆ.

ಹೊರಡುವ ಹಿಂದಿನ ದಿನ ಅಲ್ಲಿ ನಮ್ಮ ಆಟಿಯ ಹಾಗೆಯೇ ಒಂದು ಹಬ್ಬ. ಸತ್ತವರೆಲ್ಲ ಮೂರು ದಿನ ಮನೆಗೆ ಬಂದು ಉಂಡು ಹೋಗುತ್ತಾರಂತೆ, ಕೊನೆಯ ಸಂಜೆ ಕಾಗದದ ಗೂಡಿನಲ್ಲಿ ದೀಪವಿಟ್ಟು ಹೊಳೆಗೆ ಬಿಟ್ಟು ಬೀಳ್ಕೊಡುತ್ತಾರಂತೆ. ಹೋಟೆಲಿನ ಹುಡುಗಿ ಅರೆಬರೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಭಾನು ನನಗೆ ಹೇಳಿದಳು. ಇಷ್ಟು ದೂರ ಬಂದರೂ ನಮ್ಮದೇ ಲೆಕ್ಕ ನಡೆಯುತ್ತದಲ್ಲ ಎಂದು ನಾನೇ ಹಟ ಮಾಡಿ ಹೋದೆ. ಸಂಜೆ ಏಳು ಗಂಟೆ, ಇನ್ನೂ ಬೆಳಕಿತ್ತು. ಊರಿನ ನಡುವೆ ಹರಿಯುವ ಹೊಳೆ, ಮೆಟ್ಟಿಲು ತುಂಬ ಜನ, ಗಲಾಟೆ ಇಲ್ಲ. ಮೇಜು ಹಾಕಿ ಮರದ ತುಂಡು, ಕಾಗದ, ಮಸಿಯ ದಪ್ಪ ಪೆನ್ನು ಕೊಡುತ್ತಿದ್ದರು. ಸತ್ತವರ ಹೆಸರು ಬರೆದು ಮಡಚಿ ಗೂಡು ಮಾಡಬೇಕು. ನನ್ನ ಕೈ ನೋಡಿ ಒಬ್ಬಳು ಮುದುಕಿ ಬಾಯಿ ಬಿಟ್ಟಳು. ದಿನಕ್ಕೆ ಸಾವಿರ ಬೀಡಿ ಮಡಚಿದ ಬೆರಳು, ಕಾಗದ ಹೆಚ್ಚೇ. ಎರಡು ಗೂಡು ಮಾಡಿದೆ. ಒಂದು ನಿನ್ನ ಅಪ್ಪನಿಗೆ. ಇನ್ನೊಂದು ನೀನು ಕೊಂದವನಿಗೆ. ಅವನ ಹೆಸರು ನನಗೆ ಗೊತ್ತಿಲ್ಲ, ಅದನ್ನು ಖಾಲಿ ಬಿಟ್ಟೆ. ಭಾನು ಟಿಕೆಟಿಗೆ ಸೀಟು ಸಿಕ್ಕಿತೋ ಇಲ್ಲವೋ ಎಂದು ಫೋನ್ ಮಾಡಲು ಮೇಲೆ ಹೋಗಿದ್ದಳು. ಸ್ಟಾಫಿನವರ ಟಿಕೆಟು, ಎಲ್ಲರೂ ಕುಳಿತ ಮೇಲೆ ಮಿಕ್ಕಿದ ಸೀಟು ನಮ್ಮದು. ಬೆವರಿಗೆ ನನ್ನ ಕನ್ನಡಕ ಮಂಜು ಕಟ್ಟಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ನಿಶ್ಮಿಗೆ ಪೆನ್ನು ಕೊಟ್ಟು, 'ಅಜ್ಜನ ಹೆಸರು ಕನ್ನಡದಲ್ಲಿ ಬರೆ, ದೂಮಪ್ಪ ಅಂತ, ಅವರಿಗೆ ಇಂಗ್ಲಿಷು ಬರುವುದಿಲ್ಲ' ಎಂದೆ. ಕ್ಯಾಲೆಂಡರಿನ ಹಿಂದೆ ನಾನೇ ಕಲಿಸಿದ ಅಕ್ಷರ. ನಾಲಿಗೆ ಹೊರಗೆ ಹಾಕಿ ಮೆಲ್ಲ ಬರೆದಳು. ದೀಪ ಹಚ್ಚಿಸಿ ಎರಡನ್ನೂ ನಾನೇ ನೀರಿಗಿಟ್ಟೆ. ಹೋದವು.

ಮರುದಿನ ಸೀಟು ಸಿಕ್ಕಿತು, ಬಂದೆವು. ಭಾನು ಹೇಳಲಿಲ್ಲ. ವಿಮಾನದಲ್ಲಿ ಮಗು ಅವಳ ಮಡಿಲಲ್ಲಿ ಮಲಗಿತ್ತು, ಅವಳು ಕಿಟಕಿ ನೋಡುತ್ತಿದ್ದಳು. 'ಆಗ್ಲಿಲ್ಲ ಅತ್ತೆ' ಎಂದಳು, ಅಷ್ಟೇ. ಸೆಪ್ಟೆಂಬರ್ ಒಂದಕ್ಕೆ ಶಾಲೆ. ಫ್ಲಾಯ್ಡ್ ಕೇಳುತ್ತಾನೆ, ಟೀಚರ್ ಕೇಳುತ್ತಾಳೆ, ಪಪ್ಪ ಸಿಕ್ಕಿದರೇ ಎಂದು. ಅದಕ್ಕೇ ಈ ಕಾಗದ. ನಿನ್ನ ಆಣೆ ಹಿಂದಕ್ಕೆ ತೆಗೆದುಕೋ ಎಂದು ಕೇಳಲು ಕುಳಿತವಳು ಊರ ಪುರಾಣ ಬರೆದೆ. ಕುಡಿದೆ, ತಪ್ಪು ಮಾಡಿದೆ, ಒಬ್ಬನ ಜೀವ ಹೋಯಿತು, ಶಿಕ್ಷೆ ಉಣ್ಣುತ್ತಿದ್ದೀಯ. ಇಷ್ಟನ್ನು ಎಂಟು ವರ್ಷದ ಮಗುವಿಗೆ ಹೇಳಲು ಬಾರದ ಮಾತಲ್ಲ. ನಿನಗೆ ಬೇಕಾದದ್ದು ಅವಳ ಮರ್ಯಾದೆಯಲ್ಲ, ಅವಳ ಕಣ್ಣಿನಲ್ಲಿ ನಿನ್ನ ಮರ್ಯಾದೆ. ತಾಯಿಯಾಗಿ ಹೇಳುತ್ತೇನೆ, ಕೋಪ ಬಂದರೆ ಬರಲಿ.

ಭಾನುವಿನ ನೆನಪುಗಳು. ಲೊರ್ನಾ ನಿನಗಾಗಿ ಪ್ರಾರ್ಥನೆ ಮಾಡುತ್ತಾಳಂತೆ, ಇಡೀ ಬಿಲ್ಡಿಂಗಿಗೆ ಕೇಳುವ ಹಾಗೆ. ನಿನ್ನ ಜೊತೆ ಮಲಗುವವರಿಗೂ ನನ್ನ ಆಶೀರ್ವಾದ ಹೇಳು, ಅವರಿಗೂ ತಾಯಂದಿರು ಇರಬೇಕು. ನೀರು ಜಾಸ್ತಿ ಕುಡಿ. ದೈವಗಳು ನಿನ್ನ ತಲೆ ಕಾಯಲಿ. ಬೈಯುವವಳೂ ಹರಸುವವಳೂ ಒಬ್ಬಳೇ ಆದ,

ನಿನ್ನ ಅಮ್ಮ
ಪೂವಕ್ಕ

ಮ. ವಿ.: ಕಾಗದ ಮಡಚಿ ಗೋಂದು ಹಚ್ಚಲು ಹೋದವಳು ಮತ್ತೆ ಬಿಚ್ಚಿದೆ. ಫಿಡೆಲಿಸ್ ಕಾಗದ ಕೊಂಡುಹೋಗಲು ಬಾಗಿಲಿಗೆ ಬಂದು ನಿಂತಿದ್ದಾನೆ, ಅವನಿಗೆ ಚಾ ಕೊಟ್ಟು ಕೂರಿಸಿದ್ದೇನೆ. ಹೇಳಬೇಕಾ ಬೇಡವಾ ಎಂದು ಐದು ದಿನದಿಂದ ಬಾಯಿ ಕಟ್ಟಿದೆ. ಭಾನುವಿಗೂ ಹೇಳಿಲ್ಲ.

ಹತ್ತಿರದ್ದು ಕಾಣದ ನನ್ನ ಕಣ್ಣಿಗೆ ದೂರದ್ದು ಚೆನ್ನಾಗಿ ಕಾಣುತ್ತದೆ. ಆ ದೀಪ ಹತ್ತು ಮಾರು ಹೋದ ಮೇಲೆ ಒಳಗಿನ ಬೆಳಕಿಗೆ ಅಕ್ಷರ ಎದ್ದು ನಿಂತವು. ಮೂರಕ್ಷರ ಇರಬೇಕಿತ್ತು. ನಾಲ್ಕಿತ್ತು. ತಾರಾನಾಥ ಎಂದಿತ್ತು. ಹಿಡಿಯುವ ಎಂದರೆ ನೀರು ಕೊಂಡುಹೋಗಿತ್ತು. ಪಕ್ಕದಲ್ಲೇ ಆ ಖಾಲಿ ದೀಪ, ಎರಡೂ ಒಂದಕ್ಕೊಂದು ತಾಗಿಕೊಂಡು ಸೇತುವೆಯ ಕೆಳಗೆ ಹೋದವು. ನಿನ್ನ ಅಪ್ಪನಿಗೆ ದೀಪವೇ ಇಲ್ಲ. ಬದುಕಿರುವ ಮಗನ ದೀಪವನ್ನು ನಾನು ನನ್ನ ಕೈಯಾರೆ ಸತ್ತವರ ಜೊತೆ ಬಿಟ್ಟೆ.

'ಇದೆಂತ ಮಗಾ?' ಎಂದೆ. ಅವಳು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ದೊಡ್ಡವರು ಸಣ್ಣವರದ್ದು ಹಿಡಿಯುವ ಹಾಗೆ. 'ಅಜ್ಜಿ, ಐ ನೋ. ಪಪ್ಪನ ಆಕ್ಸಿಡೆಂಟಲ್ಲಿ ಒಬ್ರು ಸತ್ತುಹೋದ್ರು ಅಂತ ಫ್ಲಾಯ್ಡ್‌ನ ಮಮ್ಮಿ ಫೋನಲ್ಲಿ ಹೇಳ್ತಿದ್ರಂತೆ. ಅಮ್ಮನಿಗೆ ಹೇಳ್ಬೇಡಿ ಆಯ್ತಾ, ನನಗೆ ಗೊತ್ತುಂಟು ಅಂತ ಗೊತ್ತಾದ್ರೆ ಅವ್ರು ಅಳ್ತಾರೆ.' ಸತ್ತ ಆ ಒಬ್ಬರು ನೀನೇ ಎಂದುಕೊಂಡಿದ್ದಾಳೆ. ಐಸ್ ಕರಗಿದ್ದೂ, ಬಚ್ಚಲಿಗೆ ಅವಸರವಾದದ್ದೂ ಅದಕ್ಕೇ. ಆಟಿಯಲ್ಲಿ ಅವಳು ಕೇಳಿದ ಇನ್ನೊಂದು ಎಲೆ ನಿನಗೆ. ಹಸಿವಾದರೆ ಅಡುಗೆಮನೆಯಲ್ಲಿ ಉಂಟು ಎಂದಿದ್ದೆ ನಾನು.

ಇಲ್ಲ, ಬದುಕಿದ್ದಾನೆ ಎಂದು ಆಗಲೇ ಕೂಗಬೇಕಿತ್ತು. ಬದುಕಿದ್ದರೆ ಎಲ್ಲಿ ಎಂದು ಕೇಳುತ್ತಾಳೆ. ನಿನ್ನ ಆಣೆ ಅಡ್ಡ ಬಂತು. ಊರೆಲ್ಲ ಹೆದರುವ ನನ್ನ ನಾಲಿಗೆ ಆಗ ಎಲ್ಲಿ ಸತ್ತಿತ್ತೋ. ಏನೂ ಅನ್ನಿಸಲೂ ಇಲ್ಲ ತಾರಾನಾಥಾ, ಬರೀ ಕಾಲಿನ ಬಾವು ಮಾತ್ರ ಗೊತ್ತಾಗುತ್ತಿತ್ತು. ಗೊತ್ತಾದ ದಿನ ಸತ್ತೆ ಅಂದಿದ್ದೆ ನೀನು. ಗೊತ್ತಾಗದೆ ಸತ್ತೆ ನೋಡು.

ಈಗ ನಾನು ಹೇಳಿದರೆ ಅವಳು ನಂಬುವುದಿಲ್ಲ. ಜಪಾನ್ ಹೇಳಿದವಳು ನಾನು. ಭಾನುವನ್ನೂ ನಂಬುವುದಿಲ್ಲ, ಪೆನ್ಸಿಲ್ ಡಬ್ಬಿ ಕೊಟ್ಟವಳು ಅವಳು. ಅವಳ ಪುಸ್ತಕಗಳಿಗೆಲ್ಲ ಹೆಸರು ಬರೆದುಕೊಟ್ಟವನು ನೀನು, ನಿನ್ನ ಕೈಬರಹ ಅವಳಿಗೆ ಗೊತ್ತು. ಮಗುವಿನ ಹೆಸರಿಗೆ ನೀನೇ ಬರೆ. ನಾಲ್ಕು ಸಾಲಾದರೂ ಸಾಕು, ಎಲ್ಲಿದ್ದೀಯ ಎಂದು ಬರೆ, ಯಾಕೆ ಎಂದೂ ಬರೆ, ಸತ್ತವನ ಹೆಸರು ಗೊತ್ತಿದ್ದರೆ ಅದನ್ನೂ ಬರೆ. ಕಾಗದದ ಮೇಲೆ ಊರು, ತಾರೀಕು, ವಾರ ಸ್ಪಷ್ಟ ಕಾಣುವ ಹಾಗೆ ಹಾಕು, ಹಳೆಯದನ್ನು ಎಲ್ಲಿಂದಲೋ ತೆಗೆದು ಕೊಟ್ಟರು ಎಂದು ಅವಳಿಗೆ ಅನ್ನಿಸಬಾರದು. ಫಿಡೆಲಿಸ್ ಎದ್ದು ನಿಂತ, ಚಾ ಮುಗಿಯಿತು. ಇವತ್ತು ಇಪ್ಪತ್ತೆರಡು. ಮುಂದಿನ ತಿಂಗಳು ಹುಟ್ಟುವ ಮೊದಲು ನಿನ್ನ ಉತ್ತರ ಅವಳ ಕೈಯಲ್ಲಿರಬೇಕು.